ಹಾತಿಮನ ಮಗಳು ಬೈಯದೇ ಇದ್ದಿದ್ದರೆ

ಹಾತಿಂ ತಾಈ ಅನ್ನುವವನ ಹೆಸರು ನಮ್ಮಲ್ಲೂ ಸುಮಾರು ಜನರಿಗೆ ಗೊತ್ತು. ಕೇಳಿದವರಿಗೆ ಇಲ್ಲ ಅನ್ನದ ಅರಬ್ಬರ ದಾನಿ. ಅವನ ಮಗ ಅದೀ ಬಗ್ಗೆ ಕೇಳಿದವರು ಕಡಿಮೆ. ನನಗೆ ಮಾತ್ರ ಮಗನ ಕಥೆಯೇ ಜಾಸ್ತಿ ಇಷ್ಟ. ಅದು ಶುರುವಾಗುವುದೇ ಅವನು ಓಡಿಹೋಗುವಲ್ಲಿಂದ!

ಅದೀ ಉತ್ತರ ಅರೇಬಿಯಾದ ತಯ್ಯ್ ಬುಡಕಟ್ಟಿನ ನಾಯಕ. ಈಗಿನ ಸೌದಿಯ ಹಾಯಿಲ್ ಸುತ್ತಲಿನ ಬೆಟ್ಟಗಳ ಸೀಮೆ. ಕ್ರೈಸ್ತ. ಕೊಳ್ಳೆ ಹೊಡೆದದ್ದರಲ್ಲಿ ಕಾಲು ಭಾಗ ನಾಯಕನದ್ದು ಅನ್ನುವುದು ಆಗಿನ ಪದ್ಧತಿ, ಇವನೂ ತೆಗೆದುಕೊಳ್ಳುತ್ತಿದ್ದ. ಮದೀನಾದಿಂದ ಪ್ರವಾದಿ ಮುಹಮ್ಮದರ ಸೈನ್ಯ ಬಂದರೆ ಓಡಲು ಇರಲಿ ಅಂತ ಪಳಗಿದ ಒಂಟೆಗಳನ್ನು ಹತ್ತಿರದಲ್ಲೇ ಇಡಿಸಿದ್ದನಂತೆ. 630ರ ಸುಮಾರಿಗೆ ಪ್ರವಾದಿಯ ಅಳಿಯ ಅಲಿಯವರ ತಂಡ ಬಂದೇ ಬಂತು. ಅಷ್ಟರಲ್ಲಿ ಹೆಂಡತಿ ಮಕ್ಕಳ ಜೊತೆ ಇವನು ಸಿರಿಯಾ ಕಡೆ ಪರಾರಿ. ಒಡಹುಟ್ಟಿದ ಸಫ್ಫಾನಾಳನ್ನು ಅಲ್ಲೇ ಬಿಟ್ಟ.

ಅವಳು ಸೆರೆಯಾಗಿ ಮದೀನಾಕ್ಕೆ ಬಂದಳು. ಬಿಡುಗಡೆ ಮಾಡಿ ಅಂತ ಪ್ರವಾದಿ ಮುಹಮ್ಮದರನ್ನು ಕೇಳಿದಳು. ಒಂದಲ್ಲ, ಮೂರು ದಿನ. ಕೊನೆಗೆ ಅವರು ಬಟ್ಟೆ, ಒಂಟೆ, ದಾರಿ ಖರ್ಚು ಕೊಟ್ಟು ನಂಬಿಕಸ್ಥರ ಜೊತೆ ಕಳಿಸಿದರು. ಸಿರಿಯಾ ಮುಟ್ಟಿದವಳೇ ಅದೀಗೆ ಉಗಿದಳು ನೋಡಿ. ಹೆಂಡತಿ ಮಕ್ಕಳು ನೆನಪಾದರು, ಅಪ್ಪನ ಮಗಳು ನೆನಪಾಗಲಿಲ್ವಾ ಅಂತ! ಅವನು ತಪ್ಪಾಯ್ತು ಅಂದ. ಆಮೇಲೆ ಮುಹಮ್ಮದರ ಬಗ್ಗೆ ಏನನ್ನಿಸುತ್ತೆ ಅಂತ ಅವಳನ್ನೇ ಕೇಳಿದ. ಬೇಗ ಹೋಗು ಅಂದಳು. ಅವರು ಪ್ರವಾದಿಯಾಗಿದ್ದರೆ ಮೊದಲು ಹೋದವನಿಗೆ ಪುಣ್ಯ, ರಾಜನಾಗಿದ್ದರೆ ನಿನ್ನ ಮಾನಕ್ಕೇನೂ ಕುಂದಿಲ್ಲ. ಎಂಥ ಲೆಕ್ಕಾಚಾರ ಅಲ್ವಾ? ಈ ಕಥೆಯಲ್ಲಿ ತಲೆ ಇದ್ದವಳು ಇವಳೇ ಅಂತ ನನ್ನ ಅಭಿಪ್ರಾಯ.

ಅದೀ ಮದೀನಾಕ್ಕೆ ಹೋದ. ಪ್ರವಾದಿ ಅವನನ್ನು ಮನೆಗೆ ಕರೆದೊಯ್ಯುವಾಗ ದಾರಿಯಲ್ಲಿ ಒಬ್ಬ ಮುದುಕಿ ತಡೆದು ನಿಲ್ಲಿಸಿದಳು. ಅವಳ ಮಾತು ಮುಗಿಯುವ ತನಕ ಅವರು ನಿಂತೇ ಇದ್ದರು. ಇವರು ರಾಜನಲ್ಲ ಅಂತ ಅದೀಗೆ ಆಗಲೇ ಅನ್ನಿಸಿತಂತೆ. ಮನೆಯಲ್ಲಿ ಖರ್ಜೂರದ ನಾರು ತುಂಬಿದ ಚರ್ಮದ ದಿಂಬು ಒಂದೇ. ಅದನ್ನು ಇವನಿಗೆ ಕೊಟ್ಟು ಅವರು ನೆಲದ ಮೇಲೆ ಕೂತರು. ಆಮೇಲೆ ಮೆಲ್ಲಗೆ ಕೇಳಿದರು, ನೀನು ಕಾಲು ಭಾಗ ತಿನ್ನುತ್ತೀಯಲ್ಲ, ನಿನ್ನ ಧರ್ಮದಲ್ಲಿ ಅದು ಸರಿಯಾ? ಅದೀ ಬಳಿ ಉತ್ತರ ಇರಲಿಲ್ಲ. ಅವನು ಮುಸ್ಲಿಮನಾದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಗೆಲ್ಲುವವರ ಕಡೆ ಸೇರಿದ ಅಂತ ಯಾರಾದರೂ ಅನ್ನಬಹುದು. ಆದರೆ 632ರಲ್ಲಿ ಪ್ರವಾದಿ ತೀರಿಕೊಂಡರು. ಎಷ್ಟೋ ಬುಡಕಟ್ಟುಗಳು ಝಕಾತ್, ಅಂದರೆ ಮುಸ್ಲಿಮರು ಕೊಡಲೇಬೇಕಾದ ದಾನ, ಕೊಡಲ್ಲ ಅಂದವು. ತಯ್ಯ್ ಜನರಲ್ಲೂ ಕೆಲವರು ತಾನೇ ಪ್ರವಾದಿ ಅಂದುಕೊಂಡು ಎದ್ದ ತುಲೈಹಾನ ಕಡೆ ವಾಲಿದರು. ಸುಮ್ನೆ ಊರಲ್ಲಿ ಕೂತಿದ್ದರೂ ಅದೀಯನ್ನು ಕೇಳುವವರು ಇರಲಿಲ್ಲ. ಅವನು ಮಾತ್ರ ತನ್ನವರ ಝಕಾತನ್ನು ಪ್ರವಾದಿಯ ನಂತರ ಖಲೀಫ, ಅಂದರೆ ಮುಸ್ಲಿಮರ ನಾಯಕ, ಆದ ಅಬೂಬಕರ್ ಅವರಿಗೆ ತಲುಪಿಸಿದ. ದಂಡೆತ್ತಿ ಬಂದ ಅಬೂಬಕರ್ ಅವರ ಸೇನಾಪತಿ ಖಾಲಿದ್ ಹತ್ತಿರ ಮೂರು ದಿನ ಗಡುವು ಕೇಳಿ, ತನ್ನವರ ಮನವೊಲಿಸಿ ವಾಪಸ್ ಕರೆತಂದ. ಆ ಕಡೆ ರಕ್ತ ಹರಿಯಲಿಲ್ಲ. ನನ್ನ ಪ್ರಕಾರ ಅವನ ನಿಜವಾದ ಮತಾಂತರ ಆ ಮೂರು ದಿನದಲ್ಲಿದೆ.

ಮುಂದೆ ಉಮರ್ ಖಲೀಫರಾಗಿದ್ದಾಗ ಅದೀ ತನ್ನವರ ಜೊತೆ ಅವರನ್ನು ನೋಡಲು ಹೋದ. ಉಮರ್ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಗುರುತು ಸಿಗಲಿಲ್ವಾ ಅಂದ ಅದೀ. ಉಮರ್ ಅಂದರು: ಸಿಗದೇ ಏನು, ಬೇರೆಯವರು ಒಲ್ಲೆ ಅಂದಾಗ ನೀನು ನಂಬಿದೆ, ಅವರು ಬೆನ್ನು ತಿರುಗಿಸಿದಾಗ ನೀನು ಬಂದೆ, ಅವರು ಮಾತು ಮುರಿದಾಗ ನೀನು ಉಳಿಸಿಕೊಂಡೆ.

ಹಾಗಿದ್ದರೆ ಪರವಾಗಿಲ್ಲ ಬಿಡಿ, ಅಂದನಂತೆ ಅದೀ.