ಉಬ್ಬರದ ಹೊತ್ತಿಗೆ ನಾಲ್ಕು ಜನ

ಇಂಗ್ಲೆಂಡಿನ ಪೋರ್ಟ್ಸ್‌ಮತ್ ಪಕ್ಕದ ಲ್ಯಾಂಗ್‌ಸ್ಟನ್ ಬಂದರಿಗೆ ಹಕ್ಕಿ ನೋಡಲು ಹೊರಡುವವರು ಮೊದಲು ತೆಗೆದು ನೋಡುವುದು ಉಬ್ಬರ ಇಳಿತದ ವೇಳಾಪಟ್ಟಿ. ನೀರು ಇಳಿದಾಗ ಹಕ್ಕಿಗಳು ಕಣ್ಣಿಗೆಟುಕದಷ್ಟು ದೂರ ಕೆಸರಿನ ಮೇಲೆ ಚದುರಿಹೋಗುತ್ತವೆ. ಉಬ್ಬರ ಏರಿದಂತೆ ದ್ವೀಪಗಳ ಅಂಚಿಗೆ ಒತ್ತೊತ್ತಾಗಿ ಬಂದು ಕೂರುತ್ತವೆ. ಎಣಿಕೆ ನಡೆಯುವುದು ಆಗಲೇ, ತಿಂಗಳಿಗೊಮ್ಮೆ. ಬ್ರಿಟನ್ನಿನಲ್ಲಿ ನೀರುಹಕ್ಕಿಗಳ ಎಣಿಕೆ ಶುರುವಾದದ್ದು 1947ರಲ್ಲಿ.

ನಾನು ಕುಂದಾಪುರದ ಕಡೆಯವನು. ನೀರಿನ ಅಂಚಿನಲ್ಲೇ ಬೆಳೆದರೂ ನಮಗೆ ಬಿಳಿಯದೆಲ್ಲ ಬೆಳ್ಳಕ್ಕಿ, ಉದ್ದಕಾಲಿನದೆಲ್ಲ ಕೊಕ್ಕರೆ. ಇಲ್ಲಿ ಎಣಿಕೆಗೆ ಬರುವ ಹಿರಿಯರೊಬ್ಬರು ನನಗೆ ಕಲಿಸಿದ ಮೊದಲ ಪಾಠ: ಬಣ್ಣ ಬಿಡು, ಉಣ್ಣುವ ರೀತಿ ನೋಡು. ಚಳಿಗಾಲದಲ್ಲಿ ಕೆಸರಿನಲ್ಲಿ ಮೇಯುವ ಹಕ್ಕಿಗಳಲ್ಲಿ ಹೆಚ್ಚಿನವು ಬೂದು ಬಣ್ಣವೇ. ಡನ್‌ಲಿನ್ ಹೊಲಿಗೆ ಯಂತ್ರದ ಸೂಜಿಯ ಹಾಗೆ ಬಿಡದೆ ಕೆಸರು ಚುಚ್ಚುತ್ತದೆ. ಗ್ರೇ ಪ್ಲೋವರ್ ನಾಲ್ಕು ಹೆಜ್ಜೆ ಓಡಿ, ಕಲ್ಲಿನಂತೆ ನಿಂತು, ಥಟ್ಟನೆ ಕುಕ್ಕುತ್ತದೆ. ಅದು ಹಾರಿದರೆ ಕಂಕುಳಲ್ಲಿ ಮಸಿ ಬಳಿದಂಥ ಕಪ್ಪು. ರೆಡ್‌ಶ್ಯಾಂಕ್ ಎದ್ದರೆ ರೆಕ್ಕೆಯ ಹಿಂದಂಚು ಬೆಳ್ಳಗೆ.

ಸೈಬೀರಿಯಾದಿಂದ ಬರುವ ಬ್ರೆಂಟ್ ಹೆಬ್ಬಾತುಗಳಲ್ಲಿ ಮರಿಗಳನ್ನು ಬೇರೆಯಾಗಿ ಎಣಿಸುತ್ತಾರೆ. ಮರಿಯ ರೆಕ್ಕೆಯ ಮೇಲೆ ಬಿಳಿ ಗೆರೆಗಳಿರುತ್ತವೆ. ಅಲ್ಲಿ ಲೆಮ್ಮಿಂಗ್ ಇಲಿಗಳು ಕಡಿಮೆಯಾದ ವರ್ಷ, ಅವನ್ನು ತಿನ್ನುವ ನರಿಗಳು ಹೆಬ್ಬಾತಿನ ಗೂಡಿಗೆ ಬೀಳುತ್ತವೆ. ಆ ಚಳಿಗಾಲ ಹಿಂಡಿನಲ್ಲಿ ಮರಿ ಹುಡುಕಿದರೂ ಸಿಗುವುದು ಕಷ್ಟ.

ನಮ್ಮವರಿಗೆ ಹಕ್ಕಿಯ ಮೇಲೆ ಪ್ರೀತಿಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಕ್ಕರೆ ಬೆಳ್ಳೂರಿನವರು ಹೆಜ್ಜಾರ್ಲೆ, ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಂಡವರು. ಆದರೆ ಅವು ಊರಿನ ಮರದಲ್ಲೇ ಗೂಡು ಕಟ್ಟುತ್ತವೆ. ಕಡಲಂಚಿನ ಕೆಸರಿಗೆ ಚಳಿಗಾಲದಲ್ಲಿ ಇಳಿಯುವ ಹಕ್ಕಿಗಳು ಮರಿ ಮಾಡುವುದು ದೂರದ ಉತ್ತರದಲ್ಲಿ, ನಮ್ಮ ಕಡೆ ಉಂಡು ಹೋಗುತ್ತವೆ ಅಷ್ಟೆ. ಅವುಗಳಿಗೆ ನಾವು ತವರಾಗಲಿಲ್ಲ. ಅವು ಉಣ್ಣುವ ಕೆಸರು ನಮ್ಮ ಕಣ್ಣಿಗೆ ಮಣ್ಣು ತುಂಬಿಸಬಹುದಾದ ಪಾಳು ಜಾಗ. ಜನವರಿಯ ಏಷ್ಯಾ ನೀರುಹಕ್ಕಿ ಗಣತಿ ಒಳ್ಳೆಯದೇ, ವರ್ಷಕ್ಕೊಮ್ಮೆಯ ಎಣಿಕೆ ಮಾತ್ರ ಸಾಲದು. ಗಂಗೊಳ್ಳಿ, ಮಲ್ಪೆ, ಕಾರವಾರಗಳಲ್ಲಿ ತಿಂಗಳಿಗೊಂದು ಭಾನುವಾರ, ಉಬ್ಬರದ ಹೊತ್ತಿಗೆ, ನಾಲ್ಕು ಜನ ದುರ್ಬೀನು ಹಿಡಿದು ನಿಲ್ಲಲಿ.

ಅವರಲ್ಲಿ ಒಬ್ಬರು ದೋಣಿಯವರೇ ಆಗಬೇಕು. ಕಳೆದ ಸಲ ಊರಿಗೆ ಹೋದಾಗ ಗಂಗೊಳ್ಳಿಯಲ್ಲಿ ಬಲೆ ಹೊಲಿಯುತ್ತಿದ್ದ ದೊಡ್ಡಪ್ಪನಿಗೆ ಗ್ರೇ ಪ್ಲೋವರ್ ತೋರಿಸಿ, ಕಂಕುಳ ಕಪ್ಪಿನ ಗುರುತು ಹೇಳಿದೆ. ಅವರು ಒಮ್ಮೆ ಅತ್ತ ನೋಡಿ, ಅದು ನವರಾತ್ರಿ ಹೊತ್ತಿಗೆ ಬರುತ್ತದೆ, ಮಳೆ ಹಿಡಿಯುವ ಮೊದಲು ಹೊರಡುತ್ತದೆ, ನೀರು ಏರಿದಾಗ ಆಚೆ ಕುದ್ರುವಿನ (ಹೊಳೆಯ ನಡುವಿನ ದ್ವೀಪದ) ತುದಿಯಲ್ಲಿ ಹೋಗಿ ಕೂರುತ್ತದೆ ಅಂದರು.