ನೋಯಿಸಿದವರಿಗಾಗಿಯೂ ಅಳಬಹುದು

ನಮ್ಮನ್ನು ನೋಯಿಸಿದವರು ಸತ್ತಾಗಲೂ ದುಃಖ ಆಗುತ್ತದೆ. ಚರ್ಚಿನ ಸಭೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಚಿಕ್ಕಬಳ್ಳಾಪುರದ ಸುತ್ತಮುತ್ತಲ ದ್ರಾಕ್ಷಿ ತೋಟದವರಿಗೆಲ್ಲ ಬೇಕಾದ ಮನುಷ್ಯ. ಮನೆಯಲ್ಲಿ ಮಾತ್ರ ಅವರ ಚಪ್ಪಲಿ ಸದ್ದು ಕೇಳಿದರೆ ಅಮ್ಮ ಬೆಚ್ಚುತ್ತಿದ್ದರು. ನನ್ನ ಮದುವೆ ಆದಮೇಲೆ ನನ್ನ ಜೊತೆ ಮಾತೇ ಬಿಟ್ಟರು. ಆಸ್ಪತ್ರೆಯಲ್ಲಿದ್ದಾಗಲೂ ನನ್ನನ್ನು ಒಳಗೆ ಬಿಡಬೇಡಿ ಅಂದಿದ್ದರು.

ಅವರು ತೀರಿಕೊಂಡಾಗ ಮನೆಗೆ ಬಂದ ಹಿರಿಯರು, "ಹೋದವರ ಬಗ್ಗೆ ಒಳ್ಳೇದೇ ಮಾತಾಡಬೇಕಮ್ಮ, ತಂದೆತಾಯಿಯನ್ನು ಸನ್ಮಾನಿಸಬೇಕು ಅಂತ ಆಜ್ಞೆ ಇದೆ" ಅಂದರು. ಚಿಕ್ಕಮ್ಮನೋ, "ಅಷ್ಟು ಗೋಳು ಹುಯ್ಕೊಂಡೋರಿಗೆ ಯಾಕೆ ಹೀಗೆ ಅಳ್ತೀಯೇ?" ಅಂದಳು. ಪ್ರೀತಿಯಿಂದಲೇ ಅಂದದ್ದು. ಆದರೆ ಒಬ್ಬರು ಸಿಟ್ಟು ಬಿಡು ಅಂದರು, ಇನ್ನೊಬ್ಬರು ಅಳು ಬಿಡು ಅಂದರು. ನನಗೆ ಎರಡೂ ಇತ್ತು. ಅಪ್ಪ ಬದುಕಿರುವವರೆಗೂ ಯಾವತ್ತಾದರೂ ಫೋನ್ ಮಾಡಬಹುದು ಅನ್ನೋ ಆಸೆ ಇತ್ತು. ಅದೂ ಹೋಯ್ತು.

ಸಮಾಧಾನ ಸಿಕ್ಕಿದ್ದು ಬೈಬಲಿನ ಎರಡನೇ ಸಮುವೇಲ ಪುಸ್ತಕದಲ್ಲಿ. ಅಬ್ಷಾಲೋಮ ತನ್ನ ಅಪ್ಪ ದಾವೀದ ರಾಜನ ರಾಜ್ಯಕ್ಕೇ ಕೈ ಹಾಕಿದವನು. ಅವನಿಂದಾಗಿ ದಾವೀದ ಬರಿಗಾಲಲ್ಲಿ, ಅಳುತ್ತಾ ಎಣ್ಣೇಮರಗಳ ಗುಡ್ಡ ಹತ್ತಿ ಊರು ಬಿಡಬೇಕಾಯಿತು. ದಾವೀದನೂ ಏನು ಕಡಿಮೆ ಅಲ್ಲ. ಅದಕ್ಕೂ ಮುಂಚೆ ಮಗನನ್ನು ಯೆರೂಸಲೇಮಿಗೆ ಕರೆಸಿಕೊಂಡೂ ಎರಡು ವರ್ಷ ಮುಖ ನೋಡಿರಲಿಲ್ಲ. (ಇದನ್ನು ಓದಿದಾಗ ನಾನು ಮುಂದೆ ಹೋಗಲಾರದೆ ಬೈಬಲ್ ಮುಚ್ಚಿಟ್ಟೆ.) ಆ ಮಗ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ, ನಿನ್ನ ಬದಲು ನಾನು ಸಾಯಬಾರದಿತ್ತೇ ಅಂತ ಗೋಳಾಡುತ್ತಾನೆ. ನಿನ್ನನ್ನು ದ್ವೇಷಿಸಿದವರನ್ನು ಪ್ರೀತಿಸುತ್ತೀಯಲ್ಲ ಅಂತ ಸೇನಾಪತಿ ಯೋವಾಬ ಗದರಿಸುತ್ತಾನೆ. ಅವನ ಮಾತಲ್ಲೂ ನ್ಯಾಯ ಇದೆ, ರಾಜನಿಗಾಗಿ ಪ್ರಾಣ ಪಣಕ್ಕಿಟ್ಟ ಜನ ನಾಚಿಕೊಂಡು ಊರೊಳಗೆ ಬರುತ್ತಿದ್ದರು. ಆದರೂ ಬೈಬಲ್ ದಾವೀದನ ಅಳುವನ್ನು ಬಿಟ್ಟುಬಿಟ್ಟಿಲ್ಲ. ಮಗ ಮಾಡಿದ್ದನ್ನೂ ಮುಚ್ಚಿಟ್ಟಿಲ್ಲ.

ಹಾಗಾಗಿ ಈಗ ಪ್ರಾರ್ಥನೆಯಲ್ಲಿ ಅಪ್ಪನ ಮೇಲಿನ ಸಿಟ್ಟನ್ನೂ ಹೇಳುತ್ತೇನೆ. ಯೇಸುವನ್ನು ಆತನ ಸಹೋದರರೇ ನಂಬಿರಲಿಲ್ಲ ಅಂತ ಯೋಹಾನನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ. ಮನೆಯವರೇ ದೂರವಾದರೆ ಹೇಗಿರುತ್ತೆ ಅಂತ ಆತನಿಗೆ ಗೊತ್ತು. ಅಷ್ಟು ಸಾಕು ನನಗೆ.

ಆಸ್ತಿ ಭಾಗದ ವಿಷಯಕ್ಕೆ ಅಣ್ಣನೂ ಈಗ ದೂರ. ಕ್ಷಮಿಸಿ ಒಂದಾಗಿಬಿಡಿ ಅನ್ನುವವರು ಜಾಸ್ತಿ. ಕ್ಷಮಿಸುತ್ತೇನೆ. ಆದರೆ ಬೈಬಲಿನ ಅಣ್ಣತಮ್ಮಂದಿರಾದ ಏಸಾವ, ಯಾಕೋಬ ಜಗಳ ಮರೆತು ತಬ್ಬಿಕೊಂಡು ಅತ್ತ ಮೇಲೂ ಒಬ್ಬ ಸೇಯೀರಿಗೆ, ಇನ್ನೊಬ್ಬ ಸುಕ್ಕೋತಿಗೆ ಹೋದರಲ್ವಾ? ತಂದೆ ಇಸಾಕನನ್ನು ಹೂಣಿಡುವಾಗ ಇಬ್ಬರೂ ಇದ್ದರು.

ಮುಂದಿನ ತಿಂಗಳು ಮನೆಯಲ್ಲಿ ಅಪ್ಪನ ವರ್ಷದ ಪ್ರಾರ್ಥನೆ. 23ನೇ ಕೀರ್ತನೆಯ ಜೊತೆ ಅಬ್ಷಾಲೋಮನ ಭಾಗವನ್ನೂ ಓದಿಸಿ ಅಂತ ಪಾಸ್ಟರ್ ಹತ್ರ ಕೇಳಿದ್ದೇನೆ, ಒಪ್ಪಿದ್ದಾರೆ. ಅಣ್ಣನಿಗೂ ಹೇಳಿ ಕಳಿಸಿದ್ದೇನೆ.