ಬಾಲ ಕಂಡವರ ತುರ್ತು ಸಭೆ

ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಮತ್ತೆ ಚಿರತೆ ಬಂದಿದೆ. ವಿಡಿಯೋದಲ್ಲಿ ಕಾಣುವುದು ಒಂದು ಕಾಂಪೌಂಡ್, ಒಂದು ಬಾಲ, ಮಿಕ್ಕಿದ್ದೆಲ್ಲ ಕತ್ತಲೆ. ನನಗೇನೋ ಮೂರನೇ ಮಹಡಿಯವರ ಬೆಕ್ಕಿನ ಹಾಗೆ ಕಂಡಿತು. ಬಾಯಿ ಬಿಡಲಿಲ್ಲ. 2023ರಲ್ಲಿ ಕೂಡ್ಲು ಗೇಟ್ ಬಳಿ ಚಿರತೆಯನ್ನು ಕಂಡ ಬೆಂಗಳೂರು ಇದು. ಆ ಬಡಪಾಯಿ ಪಾಳು ಕಟ್ಟಡದಲ್ಲಿ ಅಡಗಿತ್ತು, ನವೆಂಬರ್ 1ರಂದು ಹಿಡಿಯಲು ಹೋದಾಗ ಸತ್ತೂ ಹೋಯಿತು. ನಮ್ಮವರ ಭಯ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

"ಸಾರ್, ಮಗೂನ ಆಚೆ ಬಿಡ್ಬೇಡಿ" ಎಂದು ಸೆಕ್ರೆಟರಿ ನನಗೆ ಫೋನ್ ಮಾಡಿ ಹೇಳಿದರು. ಎಂಥ ಕಾಳಜಿ! ಮರುದಿನ ಬೆಳಿಗ್ಗೆ ತಮ್ಮ ಮಗುವನ್ನು ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ರಾಂಗ್ ಸೈಡಿನಲ್ಲಿ ಸ್ಕೂಲಿಗೆ ಹೊರಟರು. ಯೂ ಟರ್ನ್ ಅರ್ಧ ಕಿಲೋಮೀಟರ್ ದೂರ, ಪಾಪ. ಹೆಲ್ಮೆಟ್ ಮೊಣಕೈಯಲ್ಲಿತ್ತು. ಬೆಂಗಳೂರಿಗರ ಮೊಣಕೈಯಷ್ಟು ಸುರಕ್ಷಿತ ಅಂಗ ಪ್ರಪಂಚದಲ್ಲೇ ಇರಲಿಕ್ಕಿಲ್ಲ. ಪೊಲೀಸ್ ಕಂಡರಷ್ಟೇ ಅದು ತಲೆಗೆ ಬಡ್ತಿ ಪಡೆಯುತ್ತದೆ. ವಾಪಸ್ ಬರುವಾಗ ಅದರೊಳಗೆ ಎರಡು ಕಟ್ಟು ಕೊತ್ತಂಬರಿ, ಅರ್ಧ ಲೀಟರ್ ನಂದಿನಿ. ಪ್ಯಾಕೆಟ್ ಒಡೆಯಬಾರದು, ಅಲ್ವಾ?

ತಡೆಯಲಾರದೆ ಗ್ರೂಪಿನಲ್ಲಿ ಬರೆದೆ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಹೆಲ್ಮೆಟ್ ಇಲ್ಲದವರೇ 50,029. ಸರ್ಕಾರದ್ದೇ ಲೆಕ್ಕ. ಒಬ್ಬರು ಕೈಮುಗಿದ ಇಮೋಜಿ ಹಾಕಿದರು. ಇನ್ನೊಬ್ಬರು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದರು. ಆಮೇಲೆ ಮತ್ತೆ ಬಾಲದ ವಿಡಿಯೋ, ಈ ಸಲ ಝೂಮ್ ಮಾಡಿದ್ದು.

ನಮ್ಮ ಗೇಟಿನ ಎದುರಿನ ರೋಡ್ ಹಂಪ್‌ಗೆ ಬಿಳಿ ಪಟ್ಟೆ ಇಲ್ಲ. ಬೀದಿ ದೀಪವೂ ಇಲ್ಲ. ಮಳೆಗಾಲದಲ್ಲಿ ಡೆಲಿವರಿ ಹುಡುಗನೊಬ್ಬ ಎಗರಿ ಬಿದ್ದ. ಕಿವಿಯ ಪಕ್ಕದಿಂದ ರಕ್ತ ಇಳಿಯುತ್ತಿತ್ತು. ನೀರು ಕೊಟ್ಟೆವು, ಆಟೋ ಹತ್ತಿಸಿದೆವು, ಒಳಗೆ ಬಂದು "ಪಾರ್ಸೆಲ್ ಯಾರದು?" ಎಂದು ಗ್ರೂಪಿನಲ್ಲಿ ಕೇಳಿದೆವು. ಅಷ್ಟೇ. ಒಂದು ಡಬ್ಬ ಬಣ್ಣಕ್ಕೆ ಯಾರೂ ಮೀಟಿಂಗ್ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಥೂ.

ಇವತ್ತು ಸಂಜೆ 7ಕ್ಕೆ ತುರ್ತು ಸಭೆ. ವಿಷಯ ಚಿರತೆ. ಮೂರನೇ ಮಹಡಿಯವರು ಬರುವುದಿಲ್ಲವಂತೆ. ನಿನ್ನೆಯಿಂದ ಬೆಕ್ಕು ಮನೆಗೆ ಬಂದಿಲ್ಲ. ಚಿರತೆಗೆ ಸಿಕ್ಕಿಬಿಟ್ಟೀತು ಎಂದು ಹೆದರಿ ಗಂಡ ಹೆಂಡತಿ ಸ್ಕೂಟರ್ ಹತ್ತಿ ಹುಡುಕಲು ಹೋಗಿದ್ದಾರೆ. ಎರಡೂ ಹೆಲ್ಮೆಟ್ ಪಾರ್ಕಿಂಗಿನ ಕಂಬದಲ್ಲೇ ನೇತಾಡುತ್ತಿವೆ.